ಒಂಬತ್ತರ ಜೋಡಿ ಬಿಟ್ಟ ಶಿವರತ್ನಮ್ಮ

ನನ್ನ ವಾರಗಿತ್ತಿ ಶಿವರತ್ನಮ್ಮನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಸುತ್ತಿ ಬಳಸಿ ಕೇಳುವುದು ಬೇಡ. ಅವಳು ನನ್ನ ಮೈದುನ ಪುಟ್ಟಮಾದಪ್ಪನ ಹೆಂಡತಿ. ನಾನು ಪುಟ್ಟಬಸಮ್ಮ, ಮನೆಯ ಹಿರಿ ಸೊಸೆ. ಊರಿನಲ್ಲಿ ಯಾರನ್ನು ಕೇಳಿದರೂ ಅವಳನ್ನು ಹೊಗಳುತ್ತಾರೆ. ನಡೆ ಚೆಂದವಂತೆ, ನುಡಿ ಚೆಂದವಂತೆ, ಅವಳು ಮಾಡಿದ ಒಬ್ಬಟ್ಟು ಬಾಯಲ್ಲಿಟ್ಟರೆ ಕರಗುತ್ತದಂತೆ. ಕೇಳೀ ಕೇಳೀ ನನ್ನ ಕಿವಿ ತೂತಾಗಿದೆ. ಅವಳ ನಿಜವಾದ ವಿದ್ಯೆ ಯಾವುದೆಂದು ಆ ಹೊಗಳುವವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ನನಗೆ ಗೊತ್ತು. ಇಸ್ಪೀಟಿನಲ್ಲಿ ನಡುತರದ ಜೋಡಿ ಕೈಗೆ ಬಂದಾಗ ಅದನ್ನು ಯಾವಾಗ ಹಿಡಿಯಬೇಕು, ಯಾವಾಗ ಕೆಳಗಿಟ್ಟು ಸುಮ್ಮನಾಗಬೇಕು ಎಂದು ಬಲ್ಲವಳು ಅವಳು. ನಮ್ಮ ಮನೆಯಲ್ಲಿ ಅಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ, ಗಂಡಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ನಾನು ಈ ಮನೆಗೆ ಬಂದದ್ದು ಐವತ್ತಾರರಲ್ಲಿ, ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕಡೆಯಿಂದ ಮೈಸೂರಿಗೆ ಸೇರಿದ ವರ್ಷ. ಕಾಮಗೆರೆಯಲ್ಲಿ ಬಸ್ಸಿಳಿದು ಎರಡು ಮೈಲಿ ಒಳಕ್ಕೆ ನಡೆದರೆ ನಮ್ಮ ಹಳ್ಳಿ. ಹಿಪ್ಪುನೇರಳೆ ತೋಟ, ರೇಷ್ಮೆಹುಳದ ಮನೆ, ಹತ್ತು ಹನ್ನೆರಡು ದನ. ಮಾವ ದೊಡ್ಡಮಾದಪ್ಪನವರದು ಮಾತು ಕಡಿಮೆ, ಅತ್ತೆ ಚನ್ನಾಜಮ್ಮ ಅದಕ್ಕೂ ಸೇರಿಸಿ ಮಾತಾಡುತ್ತಿದ್ದರು. ಮೂರು ವರ್ಷ ನಾನೊಬ್ಬಳೇ ಸೊಸೆ. ಅತ್ತೆ ಬೈದರೂ ನನ್ನನ್ನೇ, ಕರೆದು ಬಾಯಿಗೆ ಬೆಲ್ಲ ಹಾಕಿದರೂ ನನಗೇ. ಅದು ನನಗೆ ಚೆನ್ನಾಗಿಯೇ ಇತ್ತು.

ಐವತ್ತೊಂಬತ್ತರಲ್ಲಿ ಯಳಂದೂರಿನಿಂದ ಇವಳನ್ನು ತಂದರು. ಯಳಂದೂರು ಮೊದಲಿನಿಂದಲೂ ಮೈಸೂರು ಸೀಮೆ. ನಮ್ಮ ಕಡೆಯವರ ಮಾತಿನಲ್ಲಿ ಒಂದೊಂದು ತಮಿಳು ಪದ ನುಸುಳಿದರೆ ಇವಳು ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಬಣ್ಣ ನನಗಿಂತ ಬಿಳುಪು. ಜಡೆ ನನಗಿಂತ ಉದ್ದ. ಹೋಗಲಿ ಬಿಡಿ, ಬಣ್ಣ ಜಡೆಗಳನ್ನು ನಾನು ಸಹಿಸಿಕೊಂಡೇನು. ಬಂದ ತಿಂಗಳೊಳಗೆ ಅತ್ತೆ ನನ್ನ ಕೈಲಿದ್ದ ಹುಳದ ಮನೆಯ ಕೆಲಸ ತೆಗೆದು ಅವಳಿಗೆ ಕೊಟ್ಟರಲ್ಲ, ಅದನ್ನು ಹೇಗೆ ಸಹಿಸಲಿ? "ಅವಳ ಕೈಗೆ ಹುಳ ಒಗ್ತವೆ ಕಣವ್ವಾ, ನೀನು ಒಲೆ ಕಡೆ ನೋಡ್ಕೊ" ಅಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಮೂರು ದಿನ ಸಾರಿಗೆ ಉಪ್ಪು ಹೆಚ್ಚು ಹಾಕಿದೆ.

ಯುಗಾದಿಯ ದಿನ ಇಸ್ಪೀಟಾಡುವುದು ನಮ್ಮ ಸೀಮೆಯ ವಾಡಿಕೆ. ಬೇರೆ ದಿನ ಎಲೆ ಮುಟ್ಟಿದರೆ ಬೈಯುವ ಹಿರಿಯರೇ ಅವತ್ತು ಕರೆದು ಕೂರಿಸುತ್ತಾರೆ. ಆ ದಿನ ಎಲೆ ಯಾರ ಕೈ ಹಿಡಿಯುತ್ತದೋ ಅವರನ್ನು ವರ್ಷವೆಲ್ಲ ಅದೃಷ್ಟ ಕೈ ಹಿಡಿಯುತ್ತದೆ ಎಂದು ನಂಬಿಕೆ. ಬೇವುಬೆಲ್ಲ, ಒಬ್ಬಟ್ಟಿನ ಊಟ ಮುಗಿದ ಮೇಲೆ ಗಂಡಸರು ಜಗುಲಿಯಲ್ಲಿ ದುಡ್ಡಿಟ್ಟು ಆಡುತ್ತಿದ್ದರು. ನಮ್ಮ ಮನೆಯಲ್ಲಿ ಹೆಂಗಸರಿಗೂ ಆಟವಿತ್ತು. ಅತ್ತೆಗೆ ಮೂರೆಲೆ ಆಟವೆಂದರೆ ಪ್ರಾಣ. ನಡುಮನೆಯಲ್ಲಿ ಚಾಪೆ ಹಾಸಿ ಅತ್ತೆ, ನಾನು, ಪಕ್ಕದ ಮನೆಯ ದೊಡ್ಡಮಾದಮ್ಮ ಕೂರುತ್ತಿದ್ದೆವು. ಎಲೆ ಹಾಕುವುದು, ಎತ್ತಿಡುವುದು ಪುಟ್ಟಮಲ್ಲತ್ತೆಯ ಕೆಲಸ. ಅವರು ಮಾವನ ತಂಗಿ, ಗಂಡ ಸತ್ತ ಮೇಲೆ ನಮ್ಮ ಮನೆಯಲ್ಲೇ ಇದ್ದವರು.

ದುಡ್ಡಿನ ಬದಲು ನಾವು ಇಡುತ್ತಿದ್ದುದು ತೂತುಗೂಡು. ಮೊಟ್ಟೆಗೆಂದು ಬಿಟ್ಟ ರೇಷ್ಮೆಗೂಡಿನಿಂದ ಚಿಟ್ಟೆ ಹೊರಗೆ ಬಂದರೆ ಆ ಗೂಡಿನಲ್ಲಿ ನೂಲು ಬಿಚ್ಚಲಾಗುವುದಿಲ್ಲ, ಯಾರೂ ಕೊಳ್ಳುವುದಿಲ್ಲ. ಅಂಥವನ್ನು ಒಂದು ಬುಟ್ಟಿಯಲ್ಲಿ ಕೂಡಿಡುತ್ತಿದ್ದೆವು. ತಲೆಗೆ ನಲವತ್ತು ಗೂಡು. ಮೂರೆಲೆ ಹಾಕಿದ ಮೇಲೆ ಸರದಿಯ ಪ್ರಕಾರ ನಡುವೆ ಒಂದು ಗೂಡು ಇಡಬೇಕು, ಇಲ್ಲವೇ ಎಲೆ ಬಿಡಬೇಕು. ಒಂದು ಸಲಕ್ಕೆ ಒಂದೇ ಗೂಡು, ಎರಡಿಡುವ ಹಾಗಿಲ್ಲ. ಇನ್ನೊಂದು ಕಟ್ಟಳೆ ನಮ್ಮ ಮನೆಯದೇ, ಬೇರೆಲ್ಲೂ ಇಲ್ಲ. ಎಲೆ ತೋರಿಸು ಎಂದು ಕೇಳುವಂತಿಲ್ಲ. ಇಬ್ಬರೇ ಉಳಿದಾಗ ಒಬ್ಬರು ಬಿಡುವವರೆಗೆ ಇಡುತ್ತಲೇ ಇರಬೇಕು, ಬಿಟ್ಟವರ ಎಲೆ ಮುಚ್ಚಿದಂತೆಯೇ ಕಟ್ಟಿನೊಳಕ್ಕೆ ಸೇರಬೇಕು, ಗೆದ್ದವರ ಎಲೆಯನ್ನೂ ಯಾರೂ ನೋಡಬಾರದು. "ಹಬ್ಬದ ದಿನ ಎಲೆ ಬಿಚ್ಚಿ ಒಬ್ರ ಮಕಕ್ಕೆ ಒಡೆಯದು ಯಾಕೆ?" ಎಂದು ಅತ್ತೆ ಹೇಳುತ್ತಿದ್ದರು.

ಶಿವರತ್ನ ಬಂದ ಮೇಲಿನ ಮೊದಲ ಯುಗಾದಿ. ನಾನು ಮೂಗು ಮುರಿದುಕೊಂಡೇ, "ನೀನೂ ಕುಂತ್ಕತೀಯೇನೆ?" ಅಂದೆ. "ಕುಂತ್ಕತೀನಿ ಅಕ್ಕಾ, ನಮ್ಮ ತಾತ ಕಲ್ಸವ್ರೆ" ಎಂದು ಬಂದು ಕುಳಿತಳು. ದನ ಮನೆಗೆ ಬರುವ ಹೊತ್ತಿಗೆ, ಅಂದರೆ ಆಟ ನಿಲ್ಲಿಸುವ ಹೊತ್ತಿಗೆ, ಮೂವರ ಗೂಡೂ ಅವಳ ಮಡಿಲಲ್ಲಿದ್ದವು. ಅತ್ತೆ ತಾವು ಸೋತದ್ದನ್ನೂ ಮರೆತು ಅವಳ ಕೆನ್ನೆ ನೇವರಿಸಿದರು. ನಾನು ಕೊಟ್ಟಿಗೆಗೆ ಹೋಗಿ ಸುಮ್ಮನೆ ಹಸುವಿಗೆ ಬೈದೆ. ಆಮೇಲಿನ ಮೂರು ಯುಗಾದಿಯೂ ಹೀಗೇ ಆಯಿತು.

ತಡೆಯಲಾರದೆ ಒಂದು ದಿನ ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದಾಗ ಅವಳನ್ನೇ ಕೇಳಿದೆ, "ಅದೇನು ಮಂತ್ರ ಆಕ್ತೀಯೆ ಎಲೆಗೆ?"

ಅವಳು ಕೈ ನಿಲ್ಲಿಸದೆ ಹೇಳಿದಳು. "ಮಂತ್ರ ಏನಿಲ್ಲ ಅಕ್ಕಾ. ಎಳ್ಡು, ಮೂರರ ಜೋಡಿ ಬಂದ್ರೆ ಭಯ ಆಯ್ತದೆ, ಎಲ್ರೂ ಬಿಟ್ಬುಡ್ತಾರೆ. ರಾಜ, ರಾಣಿ ಜೋಡಿ ಬಂದ್ರೆ ಧೈರ್ಯ ಇರ್ತದೆ, ಆಡ್ತಾರೆ. ಈ ಏಳು ಎಂಟು ಒಂಬತ್ತು ಅವಲ್ಲ, ಇವೇ ಮನ್ಸರ್ನ ಕೆಡ್ಸದು. ಬಿಡಕ್ಕೆ ಮನ್ಸು ಬರಕಿಲ್ಲ, ಇಡ್ಕಳಕ್ಕೆ ಕಸುವಿಲ್ಲ."

"ನೀನೆಂಗೆ ಬಿಡ್ತೀಯೆ ಮತ್ತೆ?"

"ನನ್ನೆಲೆ ಒಂದ್ಸಲ ನೋಡಿ ಮುಚ್ಚಿಟ್ಬುಡ್ತೀನಿ. ಆಮೇಕೆ ಎದ್ರುಗಿರೋರ್ನೇ ನೋಡ್ತಾ ಕುಂತಿರ್ತೀನಿ. ಮೂರೂ ಜನ ಬಿಡ್ದಂಗೆ ಆಕ್ತಾವ್ರೆ ಅಂದ್ರೆ ಒಬ್ರ ಕೈಲಾದ್ರೂ ನನಗಿಂತ ದೊಡ್ದು ಇದ್ದೇ ಇರ್ತದೆ, ಬಿಟ್ಬುಡ್ತೀನಿ. ಒಬ್ರೇ ಉಳುದ್ರೆ ವಸಿ ತಡ್ದು ನೋಡ್ತೀನಿ." ಆಮೇಲೆ ನನ್ನ ಮುಖ ನೋಡಿ ನಕ್ಕಳು. "ನೀನು ಒಂದೇ ಗೂಡಲ್ವಾ, ಓದ್ರೆ ಓಯ್ತು ಅಂತ ಆಕ್ತೀಯಲ್ಲ ಅಕ್ಕಾ, ಅಲ್ಲೇ ನೀ ತಪ್ಪದು. ಒಂದೊಂದೇ ಓಗಿ ಬುಟ್ಟಿ ಬರಿದಾಯ್ತದೆ."

ಕೇಳಿದ್ದು ನಾನೇ, ಆದರೂ ನನಗೆ ಬುದ್ಧಿ ಹೇಳುವಷ್ಟು ದೊಡ್ಡವಳಾದಳಲ್ಲ ಎಂದು ಸಿಟ್ಟು ಬಂತು. ಸೊಪ್ಪಿನ ಕತ್ತಿ ಅಲ್ಲೇ ಎಸೆದು ಎದ್ದುಹೋದೆ.

ಅರವತ್ತಮೂರರಲ್ಲಿ ಮಾವ ತೀರಿಕೊಂಡರು. ಸಾಯುವ ಮುಂಚೆ ಅವರು ಕೊಳ್ಳೇಗಾಲದ ಪೇಟೆಯಲ್ಲಿ ಒಂದು ಮನೆ ಕೊಂಡಿದ್ದರು. ಹಿತ್ತಲಲ್ಲಿ ನೂಲು ಬಿಚ್ಚುವ ಎರಡು ಚರಕ, ಬಾಗಿಲಲ್ಲೇ ನಲ್ಲಿ, ಒಳಗೆ ಕರೆಂಟು ದೀಪ. ಅಣ್ಣತಮ್ಮಂದಿರಲ್ಲಿ ಒಬ್ಬರು ಅಲ್ಲಿ ಸಂಸಾರ ಹೂಡಿ ಚರಕ ನೋಡಿಕೊಳ್ಳಬೇಕು, ಇನ್ನೊಬ್ಬರು ಹಳ್ಳಿಯಲ್ಲಿದ್ದು ತೋಟ ನೋಡಿಕೊಳ್ಳಬೇಕು. ಆ ಮನೆಯನ್ನು ನಾನು ಒಂದೇ ಒಂದು ಸಲ ನೋಡಿದ್ದೆ. ಗುಂಡಿ ಒತ್ತಿದೊಡನೆ ದೀಪ ಹತ್ತಿತು, ಆರಿಸಿದೆ, ಮತ್ತೆ ಹತ್ತಿಸಿದೆ. ಅವತ್ತಿನಿಂದ ನನಗೆ ಬೇರೆ ಯೋಚನೆಯೇ ಇರಲಿಲ್ಲ. ಎಷ್ಟು ದಿನ ಅಂತ ಅತ್ತೆಯ ಕಣ್ಣೆದುರು ಅವಳ ಹೊಗಳಿಕೆ ಕೇಳಿಕೊಂಡು ಹೊಗೆ ಕುಡಿಯಲಿ? ನನಗೆ ನನ್ನದೇ ಒಲೆ ಬೇಕು, ನನ್ನದೇ ಬಾಗಿಲು ಬೇಕು, ಶಿವರತ್ನ ಇಲ್ಲದ ಒಂದು ಮನೆ ಬೇಕು.

ನನ್ನ ಯಜಮಾನರು ಸದಾಶಿವಪ್ಪ. ಅವರನ್ನು ಕೇಳಿದರೆ, "ಅವ್ವ ಏಳ್ದಂಗೆ" ಎಂದರು. ಮೈದುನನೂ ಅದನ್ನೇ ಅಂದ. ಮಾತು ಯುಗಾದಿಯವರೆಗೆ ಎಳೆಯಿತು. ಅರವತ್ತನಾಲ್ಕರ ಯುಗಾದಿ, ಊಟ ಮುಗಿದು ಚಾಪೆ ಹಾಸಿದ ಮೇಲೆ ಅತ್ತೆ ಗೂಡಿನ ಬುಟ್ಟಿ ಮುಂದಿಟ್ಟುಕೊಂಡು ಹೇಳಿದರು:

"ಇರಿಯವನ್ನ ಕಳ್ಸಿದ್ರೆ ಕಿರಿಯವಳು ಮಕ ಊದುಸ್ಕತಾಳೆ, ಕಿರಿಯವನ್ನ ಕಳ್ಸಿದ್ರೆ ಇರಿಯವಳು ಬಾವಿಗೆ ಬೀಳ್ತೀನಿ ಅಂತಾಳೆ. ಈ ವಯ್ಸಲ್ಲಿ ನಾನ್ಯಾಕೆ ಕೆಟ್ಟೋಳಾಗ್ಲಿ? ದನ ಮನೆಗೆ ಬರೋ ಒತ್ಗೆ ನಿಮ್ಮಿಬ್ರಲ್ಲಿ ಯಾರ ಮುಂದೆ ಗೂಡು ಜಾಸ್ತಿ ಇರ್ತವೋ ಅವಳು ಗಂಡನ್ನ ಕರ್ಕಂಡು ಕೊಳ್ಳೇಗಾಲಕ್ಕೆ ಓಗ್ಲಿ. ವರ್ಷದ ಫಲ ಎಲೇಲೇ ಗೊತ್ತಾಗ್ಲಿ. ಆಮೇಕೆ ನನ್ನ ಯಾರೂ ಅನ್ನಂಗಿಲ್ಲ."

ನಾನು ಮನಸ್ಸಿನಲ್ಲೇ ಅತ್ತೆಗೆ ಶಾಪ ಹಾಕಿದೆ. ನಾಲ್ಕು ವರ್ಷದಿಂದ ಗೆಲ್ಲುತ್ತಾ ಬಂದವಳ ಎದುರು ನನ್ನನ್ನು ಕೂರಿಸಿ ಎಲೆಯಿಂದ ತೀರ್ಮಾನ ಮಾಡುತ್ತಾರಂತೆ! ಮನೆ ಅವಳಿಗೇ ಕೊಟ್ಟೆ ಅಂತ ನೇರವಾಗಿ ಹೇಳಬಹುದಿತ್ತು. ಶಿವರತ್ನ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಳಿತಳು. ಅವಳ ಮುಖದಲ್ಲಿ ಆಸೆಯೂ ಕಾಣಲಿಲ್ಲ, ಭಯವೂ ಕಾಣಲಿಲ್ಲ.

ಅವತ್ತು ನನಗೆ ಎಲೆ ಚೆನ್ನಾಗಿಯೇ ಬಿದ್ದವು. ಬಿಸಿಲು ಹಿತ್ತಲ ಗೋಡೆಗೆ ಏರುವ ಹೊತ್ತಿಗೆ ದೊಡ್ಡಮಾದಮ್ಮನ ಗೂಡು ಮುಗಿದು ಅವಳು ಎಲೆಅಡಿಕೆ ಹಾಕಿಕೊಂಡು ನೋಡುತ್ತಾ ಕುಳಿತಿದ್ದಳು. ಅತ್ತೆಯ ಮುಂದೆ ಏಳೋ ಎಂಟೋ ಗೂಡು. ಉಳಿದವೆಲ್ಲ ನಮ್ಮಿಬ್ಬರವು, ಶಿವರತ್ನನ ಗುಡ್ಡೆ ನನ್ನದಕ್ಕಿಂತ ಒಂದು ಹಿಡಿ ದೊಡ್ಡದು. ಪುಟ್ಟಮಲ್ಲತ್ತೆ ಎಲೆ ಹಾಕಿದರು. ನನಗೆ ಬಂದದ್ದು ಕಳಾವರ ಎಂಟು, ಆಠೀನು ಎಂಟು, ಇಸ್ಪೀಟು ಮೂರು.

ಎಂಟರ ಜೋಡಿ! ಅಯ್ಯೋ ಶಿವನೆ, ಬಂದರೆ ಇನ್ನೂ ದೊಡ್ಡದು ಬರಬಾರದೆ, ಇಲ್ಲವೇ ಬಿಟ್ಟು ಬದುಕುವಷ್ಟು ಚಿಕ್ಕದು ಬರಬಾರದೆ? ಒಂದು ಗೂಡು ಇಟ್ಟೆ. ಅತ್ತೆ ಒಂದಿಟ್ಟು ಎರಡನೆಯ ಸಲಕ್ಕೆ ಎಲೆ ಬಿಟ್ಟರು. ಶಿವರತ್ನ ಇಟ್ಟಳು. ನಾನು ಇಟ್ಟೆ. ಅವಳು ಇಟ್ಟಳು. ನನ್ನ ಕೈಬೆರಳು ಅದುರುತ್ತಿತ್ತು, ಗೂಡು ನೆಟ್ಟಗೆ ಕೂರದೆ ಉರುಳುತ್ತಿತ್ತು. ಪ್ರತಿ ಸಲವೂ ಬಿಟ್ಟುಬಿಡು ಬಿಟ್ಟುಬಿಡು ಅನ್ನಿಸುತ್ತದೆ, ಪ್ರತಿ ಸಲವೂ ಒಂದೇ ಗೂಡಲ್ಲವಾ ಅನ್ನಿಸುತ್ತದೆ. ನಡುವಿನ ಗುಡ್ಡೆ ಬೆಳೆಯಿತು. ಅವಳು ನನ್ನನ್ನೇ ನೋಡುತ್ತಾ, ನಿಧಾನಕ್ಕೆ, ಹುಳಕ್ಕೆ ಸೊಪ್ಪು ಉದುರಿಸಿದ ಹಾಗೆ ಒಂದೊಂದೇ ಇಡುತ್ತಿದ್ದಳು.

ಎಂಟು ಸಲ ಹೀಗಾಯಿತು. ಒಂಬತ್ತನೆಯ ಸಲಕ್ಕೆ ನನಗೆ ಸಾಕಾಯಿತು. ಇವಳ ಕೈಲಿ ರಾಜನೋ ರಾಣಿಯೋ ಇದೆ, ಇಲ್ಲದಿದ್ದರೆ ಇಷ್ಟು ಹೊತ್ತು ಹಿಡಿಯುವವಳಲ್ಲ ಎಂದು ಖಾತ್ರಿಯಾಯಿತು. ಹಾಳಾಗಿ ಹೋಗಲಿ, ಕೊಳ್ಳೇಗಾಲ ಅವಳೇ ಇಟ್ಟುಕೊಳ್ಳಲಿ, ಇದೊಂದು ಗೂಡು ಇಟ್ಟು ಮುಂದಿನ ಸಲಕ್ಕೆ ಬಿಟ್ಟುಬಿಡುತ್ತೇನೆ ಎಂದು ತೀರ್ಮಾನ ಮಾಡಿದೆ. ತೀರ್ಮಾನ ಮಾಡಿದ್ದೇ ತಡ, ಎದೆ ಹಗುರಾಯಿತು. ಗೂಡು ತೆಗೆದು ನಡುವೆ ಇಟ್ಟು ಕೈ ಹಿಂದಕ್ಕೆ ತೆಗೆದುಕೊಂಡೆ.

ಶಿವರತ್ನ ನನ್ನ ಕೈ ನೋಡಿದಳು. ಮುಖ ನೋಡಿದಳು. ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ತನ್ನ ಮೂರೂ ಎಲೆಯನ್ನು ಮುಚ್ಚಿದ ಹಾಗೆಯೇ ಪುಟ್ಟಮಲ್ಲತ್ತೆಯ ಕಡೆಗೆ ತಳ್ಳಿ, "ಬಿಟ್ಟೆ" ಅಂದಳು.

ನಾನು ಗುಡ್ಡೆಯನ್ನು ಎರಡೂ ಕೈಯಲ್ಲಿ ಬಾಚಿಕೊಂಡೆ. ಅವಳು ಮುಂದಿನ ಆಟಕ್ಕೆಂದು ಸರಿದು ಕೂರುವುದರೊಳಗೆ ಅಂಗಳದಲ್ಲಿ ದನದ ಗಂಟೆ ಕೇಳಿಸಿತು. ದನ ಕಾಯುವ ಚೆನ್ನಯ್ಯ ಹಬ್ಬದೂಟಕ್ಕೆಂದು ಅವತ್ತು ಹೊತ್ತಿಗೆ ಮುಂಚೆಯೇ ದನ ಹೊಡೆದುಕೊಂಡು ಬಂದುಬಿಟ್ಟಿದ್ದ. "ಮುಗೀತು ಏಳ್ರವ್ವಾ" ಅಂದರು ಅತ್ತೆ. ಎಣಿಸುವುದೇ ಬೇಕಿರಲಿಲ್ಲ, ನನ್ನ ಗುಡ್ಡೆ ದೊಡ್ಡದೆಂದು ಕಣ್ಣಿಗೇ ಕಾಣುತ್ತಿತ್ತು. ಶಿವರತ್ನ ಎದ್ದು ಬಂದು ನನ್ನ ಕಾಲು ಮುಟ್ಟಿ, "ಒಳ್ಳೇದಾಗ್ಲಿ ಅಕ್ಕಾ" ಅಂದಳು. ಅವತ್ತು ಸಂಜೆ ನಾನು ಮೂರು ಒಬ್ಬಟ್ಟು ಹೆಚ್ಚಿಗೆ ತಿಂದೆ.

ಆ ಸಂತೋಷ ನಾಲ್ಕು ದಿನವೂ ನಿಲ್ಲಲಿಲ್ಲ. ಗಾಡಿಗೆ ಪಾತ್ರೆ ತುಂಬುತ್ತಿದ್ದಾಗ ಪುಟ್ಟಮಲ್ಲತ್ತೆ ಬಂದು ಕಿವಿಯ ಹತ್ತಿರ ಬಾಯಿ ತಂದರು.

"ನೋಡಬಾರ್ದು ಅಂತಾರೆ, ಆದ್ರೂ ಎತ್ತಿಡೋವಾಗ ಕಣ್ಣಿಗೆ ಬಿತ್ತು ಕಣೆ. ಶಿವರತ್ನನ ಕೈಲಿ ಒಂಬತ್ತರ ಜೋಡಿ ಇತ್ತು. ನಿಂದೂ ನೋಡ್ದೆ. ಎಂಟು. ನಾನು ಯಾರ್ಗೂ ಏಳಾಕಿಲ್ಲ."

ಹೇಳುವುದಿಲ್ಲವಂತೆ! ನನಗೆ ಹೇಳಿದರಲ್ಲ, ಅಷ್ಟು ಸಾಲದೆ? ನಾಲ್ಕು ವರ್ಷ ಒಂದು ಸಲವೂ ತಪ್ಪದವಳು ಅವತ್ತೇ ತಪ್ಪಿದಳೇ? ಎದುರಿಗೆ ಒಬ್ಬಳೇ ಇದ್ದರೆ ತಡೆದು ನೋಡುತ್ತೇನೆ ಅಂದವಳು ಒಂಬತ್ತನ್ನು ಹಿಡಿದುಕೊಂಡು ಯಾಕೆ ಬಿಟ್ಟಳು? ಬಾಗಿಲ ಕಡೆ ಯಾಕೆ ನೋಡಿದಳು? ದನದ ಗಂಟೆ ಅವಳಿಗೆ ಮೊದಲೇ ಕೇಳಿಸಿರಬೇಕು. ಅಕ್ಕ ಬಾಯಿ ಬಾಯಿ ಬಿಡುತ್ತಿದ್ದಾಳೆ, ಪಾಪ, ಹೋಗಲಿ, ತಗೊಳ್ಳಲಿ ಎಂದು ಬಿಟ್ಟುಕೊಟ್ಟಿದ್ದಾಳೆ. ನನಗೆ ಹಾಗೆಯೇ ಖಚಿತವಾಯಿತು. ನಾನು ಗೆದ್ದದ್ದಲ್ಲ, ಅವಳು ಭಿಕ್ಷೆ ಹಾಕಿದ್ದು. ಸೋಲನ್ನಾದರೂ ನಾನು ತಡೆದುಕೊಳ್ಳುತ್ತಿದ್ದೆ, ಇದನ್ನು ತಡೆದುಕೊಳ್ಳಲಾಗಲಿಲ್ಲ.

ಕೊಳ್ಳೇಗಾಲದ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು, ಗುಂಡಿ ಒತ್ತಿದರೆ ದೀಪ ಹತ್ತುತ್ತಿತ್ತು. ನೀರು ಬಂದಾಗಲೆಲ್ಲ ಇದು ಶಿವರತ್ನ ಬಿಟ್ಟುಕೊಟ್ಟ ನೀರು ಅನ್ನಿಸುತ್ತಿತ್ತು. ಹಿತ್ತಲಲ್ಲಿ ಚರಕದ ಬಿಸಿನೀರಿನಲ್ಲಿ ಬೆಂದ ಹುಳದ ನಾತ ಸೀರೆ, ಕೂದಲು, ಅನ್ನದ ಪಾತ್ರೆಗೆಲ್ಲ ಹತ್ತಿಕೊಳ್ಳುತ್ತಿತ್ತು. ಆ ನಾತ ಗೊತ್ತಿದ್ದೇ ಅವಳು ಬೇಡವೆಂದಳೇನೋ ಎಂದು ಇನ್ನೊಂದು ಅನುಮಾನ ಬಂತು. ಹಳ್ಳಿಯಲ್ಲಿ ಅವಳು ನೆಮ್ಮದಿಯಾಗಿದ್ದಾಳಂತೆ. ಉಗ್ರಾಣದ ಬೀಗದಕೈ ಅವಳ ಸೊಂಟಕ್ಕೇ ಬಂತಂತೆ. ತಿಂಗಳಿಗೊಮ್ಮೆ ಅವರೆಕಾಯಿಯೋ ಬೆಣ್ಣೆಯೋ ಹೊತ್ತುಕೊಂಡು ಬಂದು, "ಚೆನ್ನಾಗಿದ್ದೀಯಾ ಅಕ್ಕಾ?" ಎಂದು ಕೇಳುತ್ತಿದ್ದಳು. ಕೊಟ್ಟವರು ಕೊಟ್ಟದ್ದನ್ನು ನೋಡಿಹೋಗಲು ಬಂದ ಹಾಗೆ ನನಗೆ ಕಾಣುತ್ತಿತ್ತು. ಬೆಣ್ಣೆ ಒಳಗಿಟ್ಟುಕೊಂಡು, "ಏನೋ ಇದ್ದೀನಿ" ಎಂದು ಮುಖ ತಿರುಗಿಸುತ್ತಿದ್ದೆ. ಯುಗಾದಿಗೆ ಹಳ್ಳಿಗೆ ಹೋದರೂ ಆಟಕ್ಕೆ ಕೂರುತ್ತಿರಲಿಲ್ಲ, ತಲೆನೋವೆಂದು ಮಲಗುತ್ತಿದ್ದೆ.

ಎಪ್ಪತ್ತಮೂರರಲ್ಲಿ ಅವಳ ಹಿರಿಯ ಮಗಳು ಮಾದೇವಿ ಏಳನೆಯ ಕ್ಲಾಸು ಪಾಸಾದಳು. ಹುಡುಗಿ ಲೆಕ್ಕದಲ್ಲಿ ಬಲು ಚುರುಕು. ಶಿವರತ್ನ ನಮ್ಮ ಮನೆಗೆ ಬಂದು ಜಗುಲಿಯ ಮೇಲೆ ಕೂತು, ಕಾಫಿಯನ್ನೂ ಮುಟ್ಟದೆ, ನನ್ನನ್ನು ಒಂದು ಮಾತು ಕೇಳಿದಳು.

"ಅಕ್ಕಾ, ಮಾದೇವಿ ನಿಮ್ಮನೇಲಿದ್ಕಂಡು ಐಸ್ಕೂಲಿಗೆ ಓಗ್ಲಾ? ದಿನಾ ಬಸ್ಸಲ್ಲಿ ಕಳ್ಸಕ್ಕೆ ಅವರಪ್ಪ ಒಪ್ಪಕಿಲ್ಲ. ಒಂದು ಮೂಲೇಲಿ ಬಿದ್ದಿರ್ತಾಳೆ, ನಿಂಗೆ ಕೆಲ್ಸಕ್ಕೂ ಆಯ್ತಾಳೆ."

ನನ್ನ ಮನೆಯಲ್ಲಿ ಒಂದು ಕೋಣೆ ಸುಮ್ಮನೆ ಬಿದ್ದಿತ್ತು. ಇಟ್ಟುಕೊಳ್ಳುತ್ತೇನೆ ಅನ್ನುವ ಮಾತು ನಾಲಿಗೆಯವರೆಗೆ ಬಂದಿತ್ತು ಕೂಡ. ಆಗ ನನಗೆ ಏನನ್ನಿಸಿತು ಗೊತ್ತೆ? ಓಹೋ, ಹಾಕಿದ ಭಿಕ್ಷೆಯನ್ನು ವಸೂಲಿ ಮಾಡಲು ಬಂದಿದ್ದಾಳೆ ಅನ್ನಿಸಿತು. "ಜಾಗ ಇಲ್ಲ ಕಣೆ, ನಮಗೇ ಸಾಲ್ದು" ಅಂದೆ. ಅವಳು ಆ ಖಾಲಿ ಕೋಣೆಯ ಬಾಗಿಲ ಕಡೆ ನೋಡಿದಳು, ಮತ್ತೆ ಕೇಳಲಿಲ್ಲ. ಕಾಫಿ ಕುಡಿದು, ಲೋಟ ತೊಳೆದಿಟ್ಟು, ಬಸ್ಸಿಗೆ ಹೋದಳು. ಮಾದೇವಿ ಮೂರು ವರ್ಷ ಹುಳಕ್ಕೆ ಸೊಪ್ಪು ಹೆಚ್ಚಿದಳು. ಹದಿನಾರಕ್ಕೆ ಹನೂರಿನ ಕಡೆಯ ಒಂದು ದೊಡ್ಡ ಸಂಸಾರಕ್ಕೆ ಅವಳನ್ನು ಕೊಟ್ಟರು. ಮದುವೆಗೆ ಹೋಗಿದ್ದೆ. ಧಾರೆಯ ಹೊತ್ತಿಗೆ ಹುಡುಗಿಯ ಮುಖ ನೋಡಲಾಗದೆ ಅಡುಗೆಯ ಕಡೆಗೆ ಹೋಗಿ ನಿಂತೆ.

ಆ ಮದುವೆಗೆ ಮುಂಚೆಯೇ ಅತ್ತೆ ಹೋಗಿಬಿಟ್ಟಿದ್ದರು. ಪುಟ್ಟಮಲ್ಲತ್ತೆಯೂ ಹೋದರು. ಎಪ್ಪತ್ತೆಂಟರ ಯುಗಾದಿಗೆ ಹಳ್ಳಿಗೆ ಹೋದಾಗ ನಡುಮನೆಯಲ್ಲಿ ನಾನು, ಅವಳು, ಇಬ್ಬರೇ. ಗಂಡಸರು ಜಗುಲಿಯಲ್ಲಿ ಕೂಗಾಡುತ್ತಾ ಆಡುತ್ತಿದ್ದರು. ಶಿವರತ್ನ ಚಾಪೆ ಹಾಸಿ, ಎಲೆಅಡಿಕೆ ತಟ್ಟೆ ನಡುವೆ ಇಟ್ಟು, "ಆಡಣ್ವಾ ಅಕ್ಕಾ?" ಅಂದಳು. ನನಗೆ ರೇಗಿಹೋಯಿತು. ಹದಿನಾಲ್ಕು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದು ಬಾಯಿಗೆ ಬಂದುಬಿಟ್ಟಿತು.

"ಏನ್ ಆಡದು ನಿನ್ನ ಜೊತೆ? ಅವತ್ತು ಒಂಬತ್ತರ ಜೋಡಿ ಇಟ್ಕಂಡು ಯಾಕೆ ಬಿಟ್ಟೆ ಏಳು. ನನ್ನ ನೋಡಿ ಅಯ್ಯೋ ಪಾಪ ಅನ್ನುಸ್ತಾ? ಭಿಕ್ಷೆ ಆಕ್ದ್ಯಾ ನಂಗೆ?"

ಅವಳು ಅಡಿಕೆ ಹಿಡಿದ ಕೈ ಹಾಗೇ ನಿಲ್ಲಿಸಿ ನನ್ನನ್ನು ನೋಡಿದಳು.

"ಒಂಬತ್ತು ಅಂತ ನಿಂಗ್ಯಾರೇಳುದ್ರು?"

"ಪುಟ್ಟಮಲ್ಲತ್ತೆ."

"ಭಿಕ್ಷೆನಾ?" ಅಂದಳು. "ಅಕ್ಕಾ, ನಿಂಗೇನು ತಲೆ ಕೆಟ್ಟದಾ? ಆ ಮನೆ ಮ್ಯಾಲೆ ನನಗೆಷ್ಟು ಆಸೆ ಇತ್ತು ಗೊತ್ತಾ? ಕಿಟಕಿಗೆ ಪರದೆ ಮಾಡಣ ಅಂತ ಎಳಂದೂರಿಂದ ಹೂವಿನ ಬಟ್ಟೆ ತರ್ಸಿ ಪೆಟ್ಟಿಗೇಲಿ ಮಡಗಿದ್ದೆ. ನೀವು ಗಾಡಿ ಕಟ್ಕಂಡು ಓದ ದಿನ ಅದನ್ನ ಹುಳದ ಮನೇಲಿ ಕುಂತು ಅರಿದಾಕ್ದೆ. ನೀನು ನಲ್ಲಿ ನೀರು ಇಡಿಯದು ನೋಡಕ್ಕೇ ತಿಂಗ್ಳು ತಿಂಗ್ಳು ಬತ್ತಿದ್ದೆ. ನೋಡಿ ಉರ್ಕಂಡು ಬಸ್ಸತ್ತೋಳು. ನಾನೂ ಮನ್ಸಿ ಅಲ್ವಾ?"

ಶಿವರತ್ನ ನನ್ನನ್ನು ನೋಡಿ ಉರಿದುಕೊಂಡಿದ್ದಳೇ? ಮನಸ್ಸಿಗೆ ಎಷ್ಟು ಹಿತವಾಯಿತೆಂದರೆ, ಹೇಳಲು ನಾಚಿಕೆಯಾಗುತ್ತದೆ.

"ಮತ್ಯಾಕೆ ಬಿಟ್ಟೆ?" ಅಂದೆ.

"ನಿನ್ ಕೈ ನೋಡಿ ಬಿಟ್ಟೆ. ಸುಮಾರಾದ ಎಲೆ ಇದ್ರೆ ಗೂಡಿಡೋವಾಗ ನಿನ್ ಬೆರಳು ಅದುರವು. ದೊಡ್ಡೆಲೆ ಬಂದ್ರೆ ಮಾತ್ರ ನೆಟ್ಟಗಿರವು. ಅದನ್ನ ನೋಡ್ಕಂಡೇ ನಾಕು ವರ್ಷ ನಿನ್ನ ಸೋಲ್ಸಿದ್ದು. ಅವತ್ತೂ ಅದುರ್ತಿದ್ವು, ನಾನು ಬಿಡ್ದಂಗೆ ಇಡ್ತಾ ಇದ್ದೆ. ಕೊನೇ ಗೂಡಿಡೋವಾಗ ನೀನು ಅಲ್ಲಾಡ್ಲೇ ಇಲ್ಲ. ಓಹೋ, ಇವಳಿಗೆ ನನ್ ಗುಟ್ಟು ಗೊತ್ತಾಗದೆ, ಇಷ್ಟೊತ್ತೂ ಬೇಕಂತಲೇ ನಡುಗುಸ್ತಿದ್ಲು, ಕೈಲಿ ದೊಡ್ಡದೇ ಅದೆ ಅಂದ್ಕಂಡೆ. ಬಾಗ್ಲು ನೋಡ್ದೆ, ಬಿಸ್ಲು ಇನ್ನೂ ಇತ್ತು, ಇನ್ನೊಂದಾಟ ಆಯ್ತದೆ ಅಂದ್ಕಂಡೆ. ಆ ಹಾಳು ಚೆನ್ನಯ್ಯ ಅಷ್ಟು ಬೇಗ ದನ ಒಡ್ಕಂಡು ಬತ್ತಾನೆ ಅಂತ ಯಾರ್ಗೆ ಗೊತ್ತಿತ್ತು?"

ಬಿಟ್ಟುಬಿಡಬೇಕೆಂದು ತೀರ್ಮಾನ ಮಾಡಿದ್ದರಿಂದ ನನ್ನ ಕೈ ನಿಂತಿತ್ತು. ನಿಂತ ಕೈ ನೋಡಿ ಅವಳು ಬಿಟ್ಟಳು. ಇನ್ನೊಂದೇ ಒಂದು ಗೂಡು ಅವಳು ಇಟ್ಟಿದ್ದರೆ ನಾನು ಎಲೆ ಕೆಳಗಿಡುತ್ತಿದ್ದೆ, ಮನೆ ಅವಳದಾಗುತ್ತಿತ್ತು.

"ಮಾದೇವಿನ ಇಟ್ಕ ಅಂತ ಕೇಳ್ದಾಗ ನಾನು ಜಾಗ ಇಲ್ಲ ಅಂದೆ. ಯಾಕೆ ಜಗಳ ಆಡ್ಲಿಲ್ಲ ನೀನು?" ಎಂದು ಕೇಳಿದೆ. ಕೇಳಬಾರದಿತ್ತು.

"ನೀನು ಗೆದ್ದ ಮನೆ ಅಲ್ವಾ ಅಕ್ಕಾ ಅದು. ಸೋತೋಳು ನಾನು. ಒಂದ್ಸಲ ಕೇಳ್ದೆ. ಎಳ್ಡನೇ ಸಲ ಕೇಳಕ್ಕೆ ನಂಗೆ ಮಕ ಎಲ್ಲಿತ್ತು?"

ನಾನು ತಲೆ ಬಗ್ಗಿಸಿ ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದೆ. ಒಂದೇ ಎಲೆಗೆ ಎಷ್ಟು ಸಲ ಹಚ್ಚಿದೆನೋ. ಅವಳು ಮುಂದಕ್ಕೆ ಬಾಗಿ ನನ್ನ ಮೊಣಕಾಲ ಮೇಲೆ ಕೈಯಿಟ್ಟಳು.

"ಈಗ ನೀನೇಳು. ನಿನ್ ಕೈಲಿ ಏನಿತ್ತು? ಅದೊಂದೇ ನನ್ನ ತಿಂತಾ ಇರದು ಅಕ್ಕಾ. ಬಿಟ್ಟಿದ್ದು ಸರಿಯಾ ತಪ್ಪಾ? ಮಾದೇವಿ ಧಾರೆ ಒತ್ನಲ್ಲೂ ಅದೇ ಗ್ಯಾನ. ನಾನು ಸರಿಯಾಗಿ ಆಡಿದ್ರೆ ಮಗು ಓದ್ತಿತ್ತೇನೋ ಅಂತ. ಒಂದಿನ ಕಣ್ತುಂಬ ನಿದ್ದೆ ಮಾಡಿಲ್ಲ ಕಣಕ್ಕಾ ನಾನು."

ಎಂಟು. ಬರೀ ಎಂಟು. ನಾನು ಬಾಯಿ ತೆರೆದೆ.

"ರಾಣಿ ಜೋಡಿ" ಅಂದೆ. "ರಾಣಿ ಜೋಡಿ, ಮ್ಯಾಲೊಂದು ಎಕ್ಕ."

"ದಿಟವಾಗ್ಲೂ?"

"ದಿಟವಾಗ್ಲೂ ಕಣೆ. ನೀನೆಷ್ಟು ಇಟ್ಟಿದ್ರೂ ಸೋಲ್ತಿದ್ದೆ."

"ಅಯ್ಯಯ್ಯಪ್ಪಾ!" ಎಂದು ಎರಡು ಕೈಯನ್ನೂ ಎದೆಗೆ ಇಟ್ಟುಕೊಂಡಳು. "ಅಂಗಾರೆ ನಾನು ಬಿಟ್ಟಿದ್ದೇ ಸರಿ! ನಾನು ತಪ್ಪಿಲ್ಲ! ಮಾದೇವಿ ಅಣೇಲಿ ಬರ್ದಿರ್ಲಿಲ್ಲ ಬಿಡು, ನಾನೇನ್ ಮಾಡಕ್ಕಾಯ್ತದೆ." ನಕ್ಕಳು, ಕಣ್ಣು ಒರೆಸಿಕೊಂಡಳು, ಮತ್ತೆ ನಕ್ಕಳು. ಹಾಗೆಯೇ ಚಾಪೆಯ ಮೇಲೆ ಒರಗಿ, ತಲೆಯ ಕೆಳಗೆ ಕೈ ಮಡಿಸಿಕೊಂಡು ಕಾಲು ಚಾಚಿದಳು. ನಾನು ಇನ್ನೊಂದು ಎಲೆ ಮಡಿಸುವುದರೊಳಗೆ ಅವಳಿಗೆ ಜೊಂಪು ಹತ್ತಿತು, ಆಮೇಲೆ ಸಣ್ಣಗೆ ಗೊರಕೆ ಶುರುವಾಯಿತು.

ಜಗುಲಿಯಲ್ಲಿ ಗಂಡಸರು ಯಾರೋ ಗೆದ್ದರೆಂದು ಕೇಕೆ ಹಾಕಿದರು. ಅವಳು ಮಗ್ಗುಲು ಕೂಡ ಬದಲಿಸಲಿಲ್ಲ. ಆ ಖಾಲಿ ಕೋಣೆ, ಮಾದೇವಿಯ ಧಾರೆಯ ದಿನದ ಮುಖ ಎಲ್ಲ ಒಟ್ಟಿಗೆ ನನ್ನ ಕಣ್ಣ ಮುಂದೆ ಬಂದವು. ಇನ್ನು ಮೇಲೆ ಇವು ನನ್ನೊಬ್ಬಳವೇ. ಅವಳನ್ನು ಎಬ್ಬಿಸಿ, ಎಂಟು ಕಣೆ, ನೀನು ಗೆಲ್ಲಬೇಕಿತ್ತು ಎಂದು ಹೇಳಿಬಿಡಲೆಂದು ಎರಡು ಸಲ ಕೈ ಚಾಚಿದೆ, ಎರಡು ಸಲವೂ ಹಿಂದಕ್ಕೆ ತೆಗೆದುಕೊಂಡೆ. ಅಷ್ಟು ಒಳ್ಳೆಯ ನಿದ್ದೆಯನ್ನು ಅವಳಿಗೆ ನಾನೇ ನನ್ನ ಕೈಯಾರೆ ಕೊಟ್ಟಿದ್ದೆ. ಕೊಟ್ಟು, ಪಕ್ಕದಲ್ಲೇ ಕುಳಿತು, ಆ ನಿದ್ದೆಯನ್ನು ನೋಡುತ್ತಾ ಹೊಟ್ಟೆ ಉರಿದುಕೊಳ್ಳುತ್ತಿದ್ದೆ.